ಟಾಯರಿಗೂ ಹಲ್ಲಿರ್ತಾವ

ಏಪ್ರಿಲ್ ತಿಂಗಳ ಐತವಾರ, ಭಾಲ್ಕಿಯ ಒಂದು ಮನೆಯಂಗಳ. ಮುಂಜಾನೆ ಎಂಟಕ್ಕೇ ಬಿಸಿಲು ಬೇವಿನ ನೆರಳನ್ನು ಕಟ್ಟೆಯ ಅಂಚಿಗೆ ಒತ್ತರಿಸಿತ್ತು. ಮನೆಯ ಯಜಮಾನರು ಮೂವತ್ತು ವರ್ಷ ಲಾರಿ ಓಡಿಸಿ ಈಗ ಆ ಕಟ್ಟೆ ಕಾಯುವವರು. ಬಂದವನು ಅವರ ಸೋದರಳಿಯ. ಮನೆ ಬೀದರಿನಲ್ಲಿ, ಮಾಸ್ತರಿಕೆ ಔರಾದಿನಲ್ಲಿ. ಕೆಎ 39, ಅಂದರೆ ಭಾಲ್ಕಿಯಲ್ಲೇ ನೋಂದಣಿಯಾದ 2017ರ ಕಾರು. ದಿನಾ ಮಾಂಜ್ರಾ ದಾಟಿ ಹೋಗಿ ಬರುವುದಕ್ಕೆ ಎಂಬತ್ತು ಕಿಲೋಮೀಟರಿನ ಮೇಲಾಗುತ್ತದೆ. ಜೊತೆಗೆ ಇನ್ನೂ ಮೂವರು ಮಾಸ್ತರರು, ಪೆಟ್ರೋಲಿನ ರೊಕ್ಕದಲ್ಲಿ ಪಾಲು. ನಾನು ಪಕ್ಕದ ಮನೆಯವನು, ಚಹಾದ ನೆವದಲ್ಲಿ ಕೂತಿದ್ದೆ.

ಅಳಿಯ: ಮಾಮಾ, ಗಾಡಿ ಟಾಯರ್ ನಾಲ್ಕೂ ಮುಗದಾವ. ಬೀದರಿನಾಗ ಒಂದು ಕಡಿ ಸೆಕೆಂಡ್ ಹ್ಯಾಂಡ್ ನೋಡಿ ಬಂದೀನಿ. ನಾಲ್ಕಕ್ಕ ಎಂಟು ಸಾವಿರ, ಹಾಕೋ ಕೂಲಿ ಸುದ್ದಾ ಅದರಾಗೇ. ಹೊಸಾವು ಅಂದ್ರ ಹದಿನೆಂಟಕ್ಕ ಹೋಗ್ತದ. ಇವೂ ಹೊಸಾವಿನಂಗೇ ಹೊಳೀತಾವ.

ಮಾಮಾ: ಹೊಳೀತಾವ?

ಅಳಿಯ: ಕರ್ರಗ, ಫಳಫಳ.

ಮಾಮಾ: ಹಂಗಾದ್ರ ಬ್ಯಾಡ.

ಅಳಿಯ: ನೋಡದೇ ಬ್ಯಾಡ ಅಂದ್ರ ಹ್ಯಾಂಗ್ರಿ?

ಮಾಮಾ: ಓಡಿ ಬಂದ ಟಾಯರು ಧೂಳಿನ ಬಣ್ಣದ್ದಿರ್ತದ. ಹೊಳೀತದ ಅಂದ್ರ ಯಾರೋ ಪಾಲಿಶ್ ಬಡದಾರ. ನಿಮ್ಮ ಬೀದರಿನಾಗ ಬಿದ್ರಿ ಹೂಜಿ ಮಾಡ್ತಾರಲ್ಲ, ಕಿಲ್ಲಾದ ಮಣ್ಣು ಹಾಕಿ ಕರ್ರಗ ಮಾಡಿದ್ದು. ಆ ಕಪ್ಪು ಬೆರಳಿಲೆ ತಿಕ್ಕಿದ್ರ ಬರ್ತದೇನು? ಬರಂಗಿಲ್ಲ. ಇದನ್ನ ತಿಕ್ಕಿ ನೋಡು, ಬೆರಳಿಗಿ ಹತ್ತತದ.

ಅಳಿಯ: ಪಾಲಿಶ್ ಹಚ್ಚಿದ್ರೇನಾತು? ಗೆರಿ ಆಳ ಅವ. ನಾನೇ ಬೆರಳು ಹಾಕಿ ನೋಡೀನಿ.

ಮಾಮಾ: ಆ ಗೆರಿ ಹುಟ್ಟಿನಿಂದ ಬಂದಾವೋ, ಆಮ್ಯಾಲ ಕೊರದಾರೋ? ಸವದ ಟಾಯರಿಗಿ ಕಾದ ಬ್ಲೇಡು ಇಟ್ಟು ಮತ್ತ ಗೆರಿ ಕೊರೀತಾರ ತಮ್ಮಾ. ಲಾರಿ ಟಾಯರಿನಾಗ ಕೆಲವಕ್ಕ ಕಂಪನಿಯವರೇ ‘ರೀಗ್ರೂವೇಬಲ್’ ಅಂತ ಬರದಿರ್ತಾರ. ಕೊರೀಲಾಕ ಅಂತೇ ತಳದಾಗ ಹೆಚ್ಚಿನ ರಬ್ಬರ್ ಇಟ್ಟಿರ್ತಾರ. ಕಾರಿನ ಟಾಯರಿಗಿ ಅಷ್ಟು ರಬ್ಬರ್ ಎಲ್ಲಿಂದ ಬರಬೇಕು? ಕೊರದ್ರ ಬ್ಲೇಡು ಕೆಳಗಿನ ಉಕ್ಕಿನ ತಂತಿಗೇ ಹೋಗ್ತದ. ಅಲ್ಲಿ ನೀರು ಹೊಕ್ಕು ಜಂಗ್ ಹಿಡೀತದ. ಮ್ಯಾಲೆ ನೋಡಿದ್ರ ಹೊಸಾದು, ಒಳಗ ಗೆದ್ದಲ.

ಅಳಿಯ: ನೀವು ಲಾರಿಗಿ ರಿಸೋಲ್ ಹಾಕ್ಸಿ ಓಡ್ಸಿಲ್ಲೇನು?

ಮಾಮಾ: ಓಡ್ಸೀನಿ. ರಿಸೋಲ್ ಬ್ಯಾರಿ, ಕೊರಿಯೋದು ಬ್ಯಾರಿ. ಲಾರಿ ಟಾಯರಿನ ಮೈ ಗಟ್ಟಿ. ಮ್ಯಾಲಿನ ರಬ್ಬರ್ ಹೋದ್ರೂ ಮೈ ಇನ್ನೊಂದು ಸಲ ದುಡೀತದ. ಅದಕ್ಕ ಹೊಸಾ ಪಟ್ಟಿ ಕೂರಿಸಿ ಬೇಯಿಸ್ತಾರ. ನಿನ್ನ ಟಾಯರಿನ ಮೈ ತೆಳ್ಳಗ, ಓಟ ಜೋರು. ಅದಕ್ಕ ತ್ಯಾಪಿ ಹಚ್ಚೋ ಕೆಲಸ ಬ್ಯಾಡ.

(ನಮ್ಮ ಕಡೆ ಟಾಯರು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಕಾರಿನಿಂದ ಇಳಿದದ್ದು ಬಂಡಿಗೆ ಏರುತ್ತದೆ, ಬಂಡಿಯಿಂದ ಇಳಿದದ್ದು ತಗಡಿನ ಮಾಡು ಗಾಳಿಗೆ ಹಾರದಂತೆ ಭಾರವಾಗಿ ಕೂರುತ್ತದೆ, ಅಲ್ಲಿಂದಲೂ ಬಿದ್ದರೆ ಬೇವಿನ ಕೊಂಬೆಗೆ ಹಗ್ಗ ಕಟ್ಟಿ ಹುಡುಗರ ಜೋಕಾಲಿ. ಅದೆಲ್ಲ ಸರಿ. ಅದು ಮತ್ತೆ ಕಾರಿಗೇ ಏರಲು ಹೊರಟಾಗ ಮಾತ್ರ ನೋಡಿಕೊಳ್ಳಬೇಕು.)

ಮಾಮಾ: ಫೋಟೊ ತಕ್ಕೊಂಡಿದ್ದರ ತೋರ್ಸು.

ಅಳಿಯ: ಅವ ನೋಡ್ರಿ, ನಾಲ್ಕೂ.

ಮಾಮಾ: ದೊಡ್ಡದು ಮಾಡು. ಇಲ್ಲಿ, ಬಗಲಿನ ಮ್ಯಾಲ, ಉದ್ದನೆ ಅಕ್ಷರದ ಸಾಲಿನ ಕೊನಿಗಿ ನಾಲ್ಕು ಅಂಕಿ. ಏನದ ಓದು.

ಅಳಿಯ: 1416.

ಮಾಮಾ: ಮೊದಲಿನ ಎರಡು ವಾರ, ಕಡಿಯವೆರಡು ವರ್ಷ. 2016ನೇ ಇಸವಿ, ಹದಿನಾಲ್ಕನೇ ವಾರ. ಅಂದ್ರ ಹತ್ತು ವರ್ಷದ ಹಿಂದಿನ ಏಪ್ರಿಲ್. ನಿನ್ನ ಗಾಡಿ ಹುಟ್ಟಿದ್ದು 2017. ಗಾಡಿಗಿಂತ ಹಿರಿ ಟಾಯರು ಹಾಕ್ಸಲಾಕ ಹೊಂಟಿದ್ದಿ.

ಅಳಿಯ: ಆ ಅಂಕಿ ಯಾರು ನೋಡ್ತಾರ್ರಿ.

ಮಾಮಾ: ದೇವಣಿ ಎತ್ತು ಕೊಳ್ಳಲಾಕ ಹೋದಾಗ ನಿಮ್ಮಪ್ಪ ಮೊದಲು ಏನು ನೋಡ್ತಿದ್ದ? ಕೊಂಬಲ್ಲ, ಬಣ್ಣಲ್ಲ. ಬಾಯಿ ತಗಸಿ ಹಲ್ಲು ನೋಡ್ತಿದ್ದ. ಎತ್ತಿನ ಮೈಗಿ ಎಣ್ಣಿ ಹಚ್ಚಿ ತಂದಿರ್ತಾರ, ಹಲ್ಲಿಗಿ ಏನು ಹಚ್ತಾರ? ಟಾಯರಿಗೂ ಹಲ್ಲಿರ್ತಾವ, ಇವೇ ನಾಲ್ಕು. ಒಂದೊಂದು ಸಲ ಆ ಬಗಲು ಒಳಗಿನ ಕಡಿಗಿ ಬಂದಿರ್ತದ, ಬಗ್ಗಿ ನೋಡ್ಬೇಕು. ಐದು ವರ್ಷ ಆದ್ಮ್ಯಾಲ ವರ್ಷಕ್ಕೊಮ್ಮಿ ತಿಳದವರಿಗಿ ತೋರ್ಸು. ಹತ್ತು ಆತು ಅಂದ್ರ ಗೆರಿ ಎಷ್ಟೇ ಇರ್ಲಿ, ತಗದು ಹಾಕು. ರಬ್ಬರ್ ಓಡಿದ್ರಷ್ಟೇ ಅಲ್ಲ, ಕೂತಲ್ಲೇ ಮುದಿಯಾಗ್ತದ. ನಮ್ಮ ಬಿಸಿಲಿಗಿ ಇನ್ನೂ ಜಲ್ದಿ.

ಅಳಿಯ: ಹೋಗ್ಲಿ ಬಿಡ್ರಿ, ಸೆಕೆಂಡ್ ಹ್ಯಾಂಡ್ ಬ್ಯಾಡ. ಮೂರು ಹೊಸಾವು ತಗೋತೀನಿ. ನಾಲ್ಕನೇದಕ್ಕ ಸ್ಟೆಪ್ನಿ ಅದ. ಗಾಡಿ ಜೋಡಿ ಬಂದದ್ದು, ಒಂದು ದಿನಾನೂ ನೆಲಕ್ಕ ಹತ್ತಿಲ್ಲ. ಗೆರಿಯಾಗಿನ ರಬ್ಬರ್ ಕೂದಲು ಸುದ್ದಾ ಹಂಗೇ ಅವ.

ಮಾಮಾ: ಅದರ ಹಲ್ಲು?

ಅಳಿಯ ಡಿಕ್ಕಿ ತೆಗೆದ. ಸ್ಟೆಪ್ನಿಯ ಮೇಲೆ ಉತ್ತರಪತ್ರಿಕೆಗಳ ಎರಡು ಹಳೆಯ ಕಟ್ಟು, ಒಂದು ಕೊಡೆ. ಅವುಗಳನ್ನು ಸರಿಸಿ, ಬಗ್ಗಿ, ಮೊಬೈಲ್ ಬೆಳಕು ಬಿಟ್ಟು ಓದಿದ: 2217. ಸುಮ್ಮನೆ ಡಿಕ್ಕಿ ಮುಚ್ಚಿದ. ಬಗಲಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು ಎಂದು ಆಮೇಲೆ ನನಗೆ ಮಾತ್ರ ಹೇಳಿದ.

ಮಾಮಾ: ಸ್ಟೆಪ್ನಿ ಪಂಚರ್ ಆದಾಗ ದುಕಾನದ ತನಕ ಹೋಗ್ಲಾಕ. ಲೆಕ್ಕದಾಗ ಹಿಡೀಬ್ಯಾಡ. ಈಗ ಖರೇ ಎಷ್ಟು ಮುಗದಾವ ನೋಡೋಣು. ನಿನ್ನ ಕಂಪಾಸ್ ಪೆಟಗಿ ಸ್ಕೇಲ್ ಕೊಡು.

(ಇಲ್ಲಿ ಹತ್ತು ನಿಮಿಷ ಮಾತಿಲ್ಲ. ಮಾಮ ಕಾರಿನ ಸುತ್ತ ಒಂದೊಂದೇ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎದ್ದರು. ಅಂಗೈಯನ್ನು ಟಾಯರಿನ ಮೇಲೆ ಅಡ್ಡಡ್ಡ ಎಳೆದರು, ದನದ ಮೈ ಸವರುವ ಹಾಗೆ.)

ಮಾಮಾ: ನಾಲ್ಕು ಮುಗದಾವ ಅಂದಿ. ಹಿಂದಿನವು ಇನ್ನೂ ನಾಲ್ಕು ಮಿಲಿಮೀಟರ್ ಅವ. ಹೊಸಾದಾಗ ಏಳೋ ಎಂಟೋ ಇರ್ತದ. ಮುಂದಿನೆರಡು ಮಾತ್ರ ಹೋದಂಗ. ಗೆರಿಯ ತಳದಾಗ ಅಡ್ಡ ಗುಬ್ಬಿ ಕಾಣ್ಲತ್ತಾದಲ್ಲ, ಟಾಯರ್ ಅದರ ಸಮಾ ಬಂತು ಅಂದ್ರ 1.6 ಮಿಲಿಮೀಟರ್ ಉಳೀತು ಅಂತ ಅರ್ಥ. ಕೇಂದ್ರ ಮೋಟಾರು ವಾಹನ ನಿಯಮ 1989ರಾಗೂ ಕಾರಿಗಿ ಅಷ್ಟೇ ಗಡಿ. ಆದ್ರ ನಾ ಅಷ್ಟು ತನಕ ಕಾಯಂಗಿಲ್ಲ. ಜೂನಿನಾಗ ಟ್ರ್ಯಾಕ್ಟರ್ ಹೊಲದಿಂದ ರೋಡಿಗಿ ಏರಿದಾಗ ಗಾಲಿ ತುಂಬ ಎರಿ ಮಣ್ಣು ತರ್ತಾವ. ಅದರ ಮ್ಯಾಲ ಮೊದಲ ಮಳಿ ಬಿತ್ತು ಅಂದ್ರ ರೋಡಿಗಿ ಬೆಣ್ಣಿ ಹಚ್ಚಿದಂಗ. ಸವದ ಟಾಯರಿಗಿ ಬ್ರೇಕ್ ಅಂಬೋದೇ ಗೊತ್ತಿರಂಗಿಲ್ಲ.

ಅಳಿಯ: ಮುಂದಿನವೇ ಯಾಕ ಹೋದವು?

ಮಾಮಾ: ಎಳಿಯೋದು ಅವೇ, ಹೊಳ್ಳಿಸೋದು ಅವೇ, ಬ್ರೇಕಿನ ಭಾರ ಹೆಚ್ಚು ತಡಿಯೋದೂ ಅವೇ. ಹಿಂದ ಮುಂದ ಅದಲಿ ಬದಲಿ ಮಾಡಿಸಿದ್ದೆಯೇನು?

ಅಳಿಯ: ಇಲ್ಲ.

ಮಾಮಾ: ಹತ್ತು ಸಾವಿರ ಕಿಲೋಮೀಟರಿಗಿ ಒಮ್ಮಿ ಮಾಡಿಸ್ಬೇಕು. ಅದು ಒಂದು. ಇನ್ನೊಂದು, ಕೈ ಆಡ್ಸು ಇಲ್ಲಿ. ನಡುವಿನ ಗೆರಿ ಅವ, ಎರಡೂ ಅಂಚು ನುಣ್ಣಗ ಆಗ್ಯಾವ. ಇದು ಹವಾ ಕಡಿಮಿ ಆಗಿ ಓಡಿದ ಟಾಯರು. ಒಂದೇ ಅಂಚು ಸವದಿದ್ರ ಅಲೈನ್‌ಮೆಂಟ್ ಅಂತಿದ್ದೆ. ನಡುವೇ ಸವದಿದ್ರ ಹವಾ ಹೆಚ್ಚು ಅಂತಿದ್ದೆ. ಹವಾ ಯಾವಾಗ ನೋಡ್ಸಿದ್ದಿ?

ಅಳಿಯ: ಹೋದ ಬ್ಯಾಸಿಗ್ಯಾಗ... ಬ್ಯಾಸಿಗಿ ಬಂತು, ಟಾಯರ್ ಒಡೀತಾವ, ಹವಾ ಜರಾ ಕಡಿಮಿ ಇಡ್ರಿ ಅಂದ್ರು ಎಲ್ಲರೂ. ಮೂವತ್ತು ಇದ್ದದ್ದು ಇಪ್ಪತ್ತೈದು ಮಾಡ್ಸಿದೆ.

ಮಾಮಾ: ಮತ್ತ ಏರ್ಸಿದೆಯೇನು?

ಅಳಿಯ: ಮರತೇ ಹೋತು.

ಮಾಮಾ: ಎಲ್ಲರೂ ಹೇಳ್ತಾರ. ನನಗೂ ಒಬ್ಬ ಉಸ್ತಾದ ಹೇಳಿದ್ದ, ನಾನೂ ನಂಬಿದ್ದೆ. ಉಮ್ನಾಬಾದ ದಾಟಿ ಸೋಲಾಪುರ ರೋಡಿನಾಗ ಮಧ್ಯಾಹ್ನ ಎರಡಕ್ಕ ಟಾಯರ್ ಒಡದಾಗ ಬುದ್ಧಿ ಬಂತು. ತಿಳಕೋ: ಟಾಯರ್ ಒಡಿಯೋದು ಬಿಸಿಗಿ. ಬಿಸಿ ಬಿಸಿಲಿನಿಂದ ಅಷ್ಟೇ ಬರಂಗಿಲ್ಲ. ಹವಾ ಕಡಿಮಿ ಆದ್ರ ಬಗಲು ಪ್ರತಿ ಸುತ್ತಿಗೂ ಮಡಚಿ ಬಿಚ್ಚತದ. ತಂತಿ ತುಂಡು ಹಿಡದು ಹತ್ತಿಪ್ಪತ್ತು ಸಲ ಬಗ್ಗಿಸು, ಕೈ ಸುಡ್ತದಲ್ಲ, ಅದೇ ಲೆಕ್ಕ. ಬ್ಯಾಸಿಗ್ಯಾಗ ಹವಾ ಇಳಿಸೋದು ಅಂದ್ರ ಒಡೀಬಾರ್ದು ಅಂತ ಒಡಿಯೋ ಕೆಲಸಾನೇ ಮಾಡಿದಂಗ.

ಅಳಿಯ: ಆದ್ರ ಓಡ್ತಾ ಓಡ್ತಾ ಹವಾ ಏರ್ತದಲ್ರಿ ಬಿಸಿಗಿ?

ಮಾಮಾ: ಏರ್ತದ. ಆರೇಳು ಡಿಗ್ರಿ ಬಿಸಿ ಏರಿದ್ರ ಒಂದು ಪಾಯಿಂಟು ಹೆಚ್ಚಾಗ್ತದ. ಕಂಪನಿಯವರಿಗಿ ಅದು ಗೊತ್ತಿಲ್ಲೇನು? ಅದನ್ನ ಹಿಡದೇ ಅವರು ಅಂಕಿ ಕೊಟ್ಟಿರ್ತಾರ. ಡ್ರೈವರ್ ಬಾಗಲು ತಗದ್ರ ಚೀಟಿ ಅಂಟಿಸಿರ್ತದ. ತಣ್ಣಗಿದ್ದಾಗ, ಮುಂಜಾನಿ, ಅಷ್ಟು ಹಾಕು. ಬ್ಯಾಸಿಗಿಗೂ ಅಷ್ಟೇ, ಚಳಿಗೂ ಅಷ್ಟೇ. ನಾಲ್ಕು ಮಂದಿ ಕೂತ್ರ ಎಷ್ಟು ಅಂತ ಬ್ಯಾರಿ ಅಂಕಿ ಕೊಟ್ಟಿದ್ರ ಅದು ಹಿಡಿ.

ಅಳಿಯ: ನೈಟ್ರೋಜನ್ ಹಾಕಿಸ್ಲಾ?

ಮಾಮಾ: ನೀ ಮಾಸ್ತರ, ನೀನೇ ಹೇಳು. ಸಾದಾ ಹವಾದಾಗ ನೈಟ್ರೋಜನ್ ಎಷ್ಟದ?

ಅಳಿಯ: ನೂರಕ್ಕ 78.

ಮಾಮಾ: ಪುಕ್ಕಟೆ ಸಿಗೋದು ಬಿಟ್ಟು ಉಳಿದ ಇಪ್ಪತ್ತೆರಡಕ್ಕ ರೊಕ್ಕ ಕೊಡ್ತೀ? ಕೊಡಂಗಿದ್ರ ಕೊಡು, ಕೆಡಕೇನಿಲ್ಲ. ಹದಿನೈದು ದಿನಕ್ಕೊಮ್ಮಿ ನೋಡ್ಸೋದು ಮುಖ್ಯ.

ಅಳಿಯ: ಈ ಟಾಯರ್ ಹಾಕ್ಸಿ ಇನ್ನೂ 22 ಸಾವಿರ ಕಿಲೋಮೀಟರ್ ಆಗಿಲ್ಲ ಮಾಮಾ. ಅದೇ ಹೊಟ್ಟಿ ಉರೀತದ. ಅದಕ್ಕೇ ಸಸ್ತಾದು ಹುಡಿಕಿದ್ದು.

ಮಾಮಾ: ಹಂಗಾದ್ರ ಬೋರ್ಡಿನ ಮ್ಯಾಲ ಬರೀವಂಗ ಲೆಕ್ಕ ಮಾಡು. ಜೋಡಿ ಹೊಸಾ ಟಾಯರಿಗಿ ಒಂಬತ್ತು ಸಾವಿರ ಅಂತ ಹಿಡಿ. 22 ಸಾವಿರ ಓಡಿತು. ಕಿಲೋಮೀಟರಿಗಿ ಎಷ್ಟಾತು?

ಅಳಿಯ: ನಲವತ್ತೊಂದು ಪೈಸಾ.

ಮಾಮಾ: ಸೆಕೆಂಡ್ ಹ್ಯಾಂಡ್ ಜೋಡಿ ನಾಲ್ಕು ಸಾವಿರ. ಪುಣ್ಯ ಇದ್ರ ಹನ್ನೆರಡು ಸಾವಿರ ಓಡ್ತದ ಅನ್ನು.

ಅಳಿಯ: ಮೂವತ್ತಮೂರು ಪೈಸಾ. ನೋಡ್ರಿ, ಸಸ್ತಾ ಆತಲ್ಲ!

ಮಾಮಾ: ತಡಿ. ಅದೇ ಹೊಸಾ ಜೋಡಿ, ಹವಾ ಬರೋಬ್ಬರಿ, ಅಲೈನ್‌ಮೆಂಟ್ ಬರೋಬ್ಬರಿ, ವ್ಯಾಳ್ಯಾಕ್ಕ ಅದಲಿ ಬದಲಿ. 45 ಸಾವಿರ ಓಡಿತು.

ಅಳಿಯ: ...ಇಪ್ಪತ್ತು ಪೈಸಾ.

ಮಾಮಾ: ದುಕಾನದಾಗ ಟಾಯರು ತುಟ್ಟಿ ಇರಲಿಲ್ಲ. ನೀ ತುಟ್ಟಿ ಮಾಡಿದಿ. ಹವಾ ನೋಡದೇ ಓಡ್ಸಿ ಹೊಸಾದನ್ನ ಹಳೇದಕ್ಕಿಂತ ತುಟ್ಟಿ ಮಾಡಿದಿ. ಆಮ್ಯಾಲ ಅಗ್ಗ ಅಂತ ಮುಗ್ಗಿದ ಜೋಳ ತರಲಾಕ ಹೊಂಟಿ.

ಅಳಿಯ ಚಹಾದ ಬಟ್ಟಲು ಕೆಳಗಿಟ್ಟ. ಗಣಿತದ ಮಾಸ್ತರನಿಗೆ ಲೆಕ್ಕದಲ್ಲಿ ಸೋಲುವುದು ಸುಲಭವಲ್ಲ. ಸ್ವಲ್ಪ ಹೊತ್ತು ಮಾತು ಬೇರೆ ಕಡೆ ಹೋಯಿತು, ತಂಗಿಯ ಮದುವೆ, ಬೋರ್‌ವೆಲ್. ಮತ್ತೆ ಅವನೇ ಎಳೆದು ತಂದ.

ಅಳಿಯ: ನಮ್ಮ ಜೋಡಿ ಬರೋ ಮಾಸ್ತರೊಬ್ರು ಅಗಲ ಟಾಯರ್ ಹಾಕ್ಸು ಅಂತಾರ. 165 ಬಿಟ್ಟು 185. ಹಿಡಿತ ಛಲೋ ಬರ್ತದಂತ.

ಮಾಮಾ: ಬಗಲಿನ ಮ್ಯಾಲ 165/80 ಆರ್ 14 ಅಂತದ. 165 ಅಗಲ, ಮಿಲಿಮೀಟರಿನಾಗ. 80 ಅಂದ್ರ ಬಗಲಿನ ಎತ್ತರ ಅಗಲದ ನೂರಕ್ಕ ಎಂಬತ್ತು. ಆರ್ ಅಂದ್ರ ರೇಡಿಯಲ್, 14 ರಿಮ್ಮಿನ ಇಂಚು. ಮುಂದ 85ಟಿ. ಆ 85 ಅಂಬೋದು ಭಾರದ ಸಂಜ್ಞಿ: ಒಂದು ಟಾಯರು 515 ಕಿಲೋ ಹೊರ್ತದ. ಟಿ ಅಂದ್ರ ತಾಸಿಗಿ 190 ಕಿಲೋಮೀಟರ್ ತನಕ. ನೀ ಔರಾದಿಗಿ ಅಷ್ಟು ಓಡ್ಸಂಗಿಲ್ಲ ಅಂತ ನಂಬೀನಿ.

ಅಳಿಯ: 185/70 ಆರ್ 14 ಹಾಕಿದ್ರ ಗಾಲಿ ಎತ್ತರ ಹೆಚ್ಚು ಕಡಿಮಿ ಒಂದೇ ಆಗ್ತದ. ನಾ ಲೆಕ್ಕ ಮಾಡೀನಿ. 620 ಮಿಲಿಮೀಟರ್ ಇದ್ದದ್ದು 615 ಆಗ್ತದ ಅಷ್ಟೇ.

ಮಾಮಾ: ಲೆಕ್ಕ ಬರೋಬ್ಬರಿ ಅದ. ಕೂರ್ತದ, ಓಡ್ತದ. ಆದ್ರ ರೊಕ್ಕ ಹೆಚ್ಚು, ಪೆಟ್ರೋಲ್ ಹೆಚ್ಚು ಕುಡೀತದ. ನೀ ರೊಕ್ಕ ಉಳಿಸ್ಲಾಕ ಬಂದಿಯೋ, ಗಾಡಿ ಸಿಂಗರಿಸ್ಲಾಕ ಬಂದಿಯೋ? ಕಂಪನಿ ಕೊಟ್ಟ ಅಳತಿ ಹಾಕು. ಭಾರದ ಅಂಕಿ 85ಕ್ಕಿಂತ ಕೆಳಗ ಇಳೀಬ್ಯಾಡ, ನಾಲ್ಕು ಮಾಸ್ತರರು, ಮ್ಯಾಲ ಪೇಪರಿನ ಕಟ್ಟು.

ಅಳಿಯ: ಕಂಪನಿ ಯಾವುದು ತಗೋಲಿ?

ಮಾಮಾ: ಎಮ್ಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಇವು ನಾಲ್ಕರಾಗ ಯಾವುದಾದ್ರೂ ಆತು. ಎಮ್ಆರ್‌ಎಫ್‌ದವರ ಫ್ಯಾಕ್ಟರಿ ಇಲ್ಲೇ ಸದಾಶಿವಪೇಟೆನಾಗ ಅದ, ಜಹೀರಾಬಾದ ದಾಟಿ ಹೈದರಾಬಾದ್ ದಾರಿಗಿ. 1946ರಾಗ ಮದ್ರಾಸಿನಾಗ ಆಟದ ಬಲೂನು ಮಾಡ್ಲಾಕ ಶುರು ಮಾಡಿದ ಕಂಪನಿ ಅದು. ನನಗ ಮಾತ್ರ ವಿಕ್ರಾಂತ್ ಮ್ಯಾಲ ಪ್ರೀತಿ. ಮೈಸೂರಿನ ಟಾಯರು. 1997ರಾಗ ಜೆಕೆಯವರ ಕೈಗಿ ಹೋತು, ಫ್ಯಾಕ್ಟರಿ ಮೈಸೂರಿನಾಗೇ ಉಳೀತು. ಪ್ರೀತಿ ಇರ್ಲಿ, ಕೊಳ್ಳೋವಾಗ ಪ್ರೀತಿ ನೋಡ್ಬ್ಯಾಡ. ಐಎಸ್ಐ ಗುರ್ತು ನೋಡು, ಹಲ್ಲು ನೋಡು. ದೊಡ್ಡ ಹೆಸರಿನ ಎರಡು ವರ್ಷದ ಮಾಲಿಗಿಂತ ಸಣ್ಣ ಹೆಸರಿನ ಎರಡು ತಿಂಗಳಿಂದು ವಾಸಿ.

ಅಳಿಯ: ಭಾವ ಇಳದದ ಅಂತಾರಲ್ಲ?

ಮಾಮಾ: 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28 ಇದ್ದದ್ದು 18 ಆಗ್ಯಾದ. ಸಾವಿರದ ಮಾಲಿಗಿ 1,280 ಕೊಡೋದು ಈಗ 1,180. ಹಳೇ ಭಾವ ಹೇಳಿದ್ರ ಈ ಮಾತು ತಗಿ. ಬಿಲ್ ಬ್ಯಾಡ ಅಂದ್ರ ಇನ್ನೂ ಕಡಿಮಿ ಮಾಡ್ತೀನಿ ಅಂತಾರ, ಒಪ್ಪಬ್ಯಾಡ. ಬಿಲ್ಲಿನಾಗ ಟಾಯರಿನ ನಂಬರ್ ಬರಿಸ್ಕೋ. ಬಗಲಿಗಿ ಬಾವು ಬಂತು ಅಂದ್ರ ಕ್ಲೇಮಿಗಿ ಅದೇ ಬೇಕು. ಮತ್ತ ನನ್ನ ಮಾತು ಕೇಳು, ಒಳಗ ಟ್ಯೂಬ್ ಹಾಕ್ಸಿಬಿಡು. ಜಾಲಿ ಮುಳ್ಳು, ತೊಗರಿ ಕೂಳಿ, ನಮ್ಮ ಕಡಿ ಪಂಚರಿಗೇನು ಕಮ್ಮಿ?

ಅಳಿಯ: ಇದೊಂದು ನಾ ಒಪ್ಪಂಗಿಲ್ಲ ಮಾಮಾ. ಟ್ಯೂಬ್‌ಲೆಸ್ ಟಾಯರಿನಾಗ ಟ್ಯೂಬ್ ಹಾಕಿದ್ರ ಒಳಗ ತಿಕ್ಕಿ ತಿಕ್ಕಿ ಬಿಸಿ ಆಗ್ತದ. ಈಗ ನೀವೇ ಬಿಸಿ ಮಾತು ಹೇಳಿದ್ರಿ. ಮುಳ್ಳು ಚುಚ್ಚಿದ್ರ ಟ್ಯೂಬು ಒಂದೇ ಸಲ ಹವಾ ಬಿಡ್ತದ. ಟ್ಯೂಬ್‌ಲೆಸ್ ಮುಳ್ಳನ್ನ ಹಿಡದು ಮೆಲ್ಲಕ ಬಿಡ್ತದ. ಸಂತಪುರದಾಗ ಮುಳ್ಳು ಚುಚ್ಚಿದ್ದು ನನಗ ಬೀದರ್ ಮನೀಗಿ ಬಂದು ಮುಂಜಾನಿ ಗೊತ್ತಾಗಿತ್ತು.

ಮಾಮಾ: ಹಂಗಂತೀ?

ಅಳಿಯ: ಹಂಗೇ.

ಮಾಮಾ: ಇರಬಹುದು. ನಮ್ಮದು ಟ್ಯೂಬಿನ ಕಾಲ.

(ಮೂವತ್ತು ವರ್ಷದ ಅನುಭವಕ್ಕೂ ಒಂದು ಮೂಲೆಯಲ್ಲಿ ಹಳೆಯ ಟ್ಯೂಬು ಉಳಿದಿರುತ್ತದೆ. ಮಾಮ ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ನನಗೆ ಅವರ ಉಳಿದ ಮಾತುಗಳ ಮೇಲೆ ನಂಬಿಕೆ ಹೆಚ್ಚಿಸಿತು.)

ಅಳಿಯ: ಹಂಗಾದ್ರ ಈಗ ಎರಡೇ ಹೊಸಾವು. ಮುಂದಿನವು ಹೋಗ್ಯಾವ, ಮುಂದಕ್ಕ ಹಾಕ್ಸಿಬಿಡ್ತೀನಿ.

ಮಾಮಾ: ಹಿಂದಕ್ಕ.

ಅಳಿಯ: ಎಳಿಯೋದು ಮುಂದಿನವಲ್ಲೇನ್ರಿ?

ಮಾಮಾ: ಹೊಸಾವು ಹಿಂದಕ್ಕ, ಹಿಂದಿನ ನಾಲ್ಕು ಮಿಲಿಮೀಟರಿನವು ಮುಂದಕ್ಕ. ದುಕಾನದವನೂ ಮುಂದಕ್ಕೇ ಅಂತಾನ, ಕೇಳಬ್ಯಾಡ. ಮಳ್ಯಾಗ ಮುಂದಿನ ಗಾಲಿ ಜಾರಿತು ಅಂದ್ರ ಸ್ಟೇರಿಂಗ್ ಹಗುರಾತು ಅಂತ ಕೈಗಿ ತಿಳೀತದ, ಕಾಲು ತಗೀತಿ, ಗಾಡಿ ಸೀದಾ ಹೋಗಿ ಹಿಡಿತಕ್ಕ ಬರ್ತದ. ಹಿಂದಿನದು ಜಾರಿತು ಅಂದ್ರ ತಿಳಿಯೋದ್ರಾಗ ಗಾಡಿ ಬುಗರಿ. ಮಾಂಜ್ರಾ ಪೂಲಿನ ಮ್ಯಾಲ ಬುಗರಿ ಆಡ್ಬ್ಯಾಡ. ಉಳಿದ ಜೋಡಿ ದೀಪಾವಳಿಗಿ ನೋಡಿದ್ರಾತು. ಉಳಿದ ರೊಕ್ಕದಾಗ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡ್ಸು, ಹವಾ ತುಂಬೋ ವಾಲ್ವ್ ಹೊಸಾದು ಹಾಕ್ಸು. ಆ ಹತ್ತಿಪ್ಪತ್ತು ರೂಪಾಯಿ ಉಳಿಸಿ ಯಾರೂ ಸಾವಕಾರ ಆಗಿಲ್ಲ.

ಅಳಿಯ: ಮೊಬೈಲಿನಾಗ ಜರಾ ಕಡಿಮಿಗಿ ಸಿಗ್ತಾವಲ್ರಿ?

ಮಾಮಾ: ಹಲ್ಲು ನೋಡಲಾರದೇ ಎತ್ತು ತರಿಸ್ತೀಯೇನು? ಬಂದ್ಮ್ಯಾಲ ಹಾಕ್ಸಲಾಕ ದುಕಾನಕ್ಕೇ ಹೋಗ್ಬೇಕು. ಎದ್ದೇಳು, ಬಿಸಿಲು ಏರೂದ್ರಾಗ ಪಂಪಿಗಿ ಹೋಗಿ ಹವಾ ಹಾಕ್ಸಿಕೊಂಡು ಬರೋಣು.

ಬುಧವಾರ ಸಂಜೆ ಮಾಮನಿಗೆ ಫೋನ್ ಬಂತು. ಬೀದರಿನಲ್ಲಿ ಎರಡು ಹೊಸ ಟಾಯರು, ಎರಡರ ಹಲ್ಲೂ 0726, ಹಿಂದಿನ ಗಾಲಿಗೆ. ಬಿಲ್ಲಿನಲ್ಲಿ ನಂಬರು ಬರೆಸಿದ್ದಾನೆ. ಅಲೈನ್‌ಮೆಂಟಿನ ಹುಡುಗ ಡಿಕ್ಕಿ ತೆಗೆಸಿ ಸ್ಟೆಪ್ನಿಗೂ ಮೀಟರ್ ಹಚ್ಚಿ ನೋಡಿದನಂತೆ. ಹನ್ನೊಂದು ಇತ್ತು.